ಕೊನೆಯ ಹಿಡಿ ಉಣ್ಣೆ

ಜೀನು ಎರಡನೇ ಸಲ ವಾಪಸ್ ಬಂತು.

ಅಂಗಡಿ ಬಾಗಿಲು ತೆಗೆದು ಇನ್ನೂ ಕಸ ಗುಡಿಸಿ ಮುಗಿದಿರಲಿಲ್ಲ, ಅಷ್ಟರಲ್ಲೇ ಕುದುರೆ ಸವಾರಿ ಕಲಿಸುವ ಮೇಡಂ ಅದನ್ನು ನಿದ್ದೆ ಹೋದ ಮಗುವಿನ ಹಾಗೆ ಎರಡೂ ಕೈಯಲ್ಲಿ ಹೊತ್ತುಕೊಂಡು ಬಂದು ಚರ್ಮ ಕತ್ತರಿಸುವ ಮೇಜಿನ ಮೇಲೆ ಇಟ್ಟುಬಿಟ್ಟರು. ಮೇಡಂ ಈ ಊರಿಗೆ ಬಂದು ಆರು ತಿಂಗಳಾಗಿತ್ತು ಅಷ್ಟೇ.

"ಬೇಜಾರು ಮಾಡ್ಕೋಬೇಡಿ. ಚರ್ಮ ಚೆನ್ನಾಗಿದೆ, ಹೊಲಿಗೆಯಂತೂ ಮುತ್ತು ಪೋಣಿಸಿದ ಹಾಗಿದೆ. ಆದ್ರೆ ಕೂತ್ರೆ ಎಡಕ್ಕೆ ಜಾರ್ತೀನಿ. ಹೋದ ಸಲಾನೂ ಹಾಗೇ, ಈ ಸಲಾನೂ ಹಾಗೇ. ಹತ್ತು ನಿಮಿಷಕ್ಕೆ ಸೊಂಟ ಹಿಡ್ಕೊಳ್ಳುತ್ತೆ. ಶನಿವಾರ ಬರ್ತೀನಿ. ಅಷ್ಟರೊಳಗೆ ಆಗಲ್ಲ ಅಂದ್ರೆ ಹೇಳಿಬಿಡಿ, ನನ್ನ ಹಳೇ ಜೀನೇ ಸಾಕು ನಂಗೆ."

ಅಷ್ಟು ಹೇಳಿ ಮೇಡಂ ಹೊರಟುಹೋದರು. ಅಂಗಡಿಯಲ್ಲಿ ಉಳಿದದ್ದು ಇಬ್ಬರು. ಮೂವತ್ತು ವರ್ಷದಿಂದ ಊರಿನ ಕುದುರೆಗಳಿಗೆಲ್ಲ ಜೀನು ಹೊಲಿದುಕೊಟ್ಟ ಮಾಮ, ಮತ್ತು ಅವರ ಅಕ್ಕನ ಮಗಳು. ಅವಳಿಗೆ ಇಟ್ಟ ಹೆಸರು ಬೇರೆ ಇತ್ತು, ಆದರೆ ಮಾತು ಬಂದ ದಿನದಿಂದ ಎಲ್ಲದಕ್ಕೂ "ಯಾಕೆ, ಯಾಕೆ" ಅಂತ ಕೇಳಿ ಕೇಳಿ ಮನೆಯವರೆಲ್ಲ ಅವಳನ್ನು ಯಾಕಮ್ಮ ಅಂತಲೇ ಕರೆಯುತ್ತಿದ್ದರು. ಐದು ವರ್ಷ ಲಗಾಮು, ಪಟ್ಟಿ, ಬೆಲ್ಟು ಅಂತ ಹೊಲಿದು ಹೊಲಿದು, ಕೊನೆಗೊಮ್ಮೆ ಮಾಮ "ಹೂಂ, ಒಂದು ಜೀನು ಮಾಡಿ ನೋಡು" ಅಂದಾಗ ಅವಳು ಮಾಡಿದ ಮೊಟ್ಟಮೊದಲ ಜೀನು ಇದು.

ಮಾಮ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು.

"ನನ್ನ ಜೀನು ಒಂದೂ ವಾಪಸ್ ಬಂದಿಲ್ಲ. ಗೊತ್ತಲ್ಲ?"

"ಗೊತ್ತು ಮಾಮ."

"ಇದು ಮೂರನೇ ಸಲ ಬಂತೋ, ನೀನು ಲಗಾಮು ಹೊಲ್ಕೊಂಡು ಹಾಯಾಗಿರು. ಜೀನಿನ ಸಹವಾಸ ಬೇಡ."

ಮಾಮ ಕೋಪ ಮಾಡಿಕೊಂಡು ಹೇಳಿದ್ದರೆ ಅವಳಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಕೋಪವಾದರೆ ಸಂಜೆ ಹೊತ್ತಿಗೆ ಇಳಿಯುತ್ತದೆ. ಇದನ್ನು ಅವರು ಸೂಜಿಗೆ ದಾರ ಪೋಣಿಸುತ್ತಾ ತಣ್ಣಗೆ ಹೇಳಿದರು.

ಯಾಕಮ್ಮನಿಗೆ ತಲೆಯೊಳಗೆ ಹುಳ ಬಿಟ್ಟ ಹಾಗಾಯಿತು. ಜೀನಿನ ಒಳಗೊಂದು ಮರದ ಚೌಕಟ್ಟಿರುತ್ತದೆ. ಅದರ ಕೆಳಗೆ, ಕುದುರೆಯ ಬೆನ್ನುಮೂಳೆಯ ಆಚೆ ಈಚೆ, ಉಣ್ಣೆ ತುಂಬಿದ ಎರಡು ಉದ್ದ ದಿಂಬು. ಚೌಕಟ್ಟು ಸಮ ಇದೆ, ಅವಳು ನಾಲ್ಕು ಸಲ ಅಳೆದಿದ್ದಳು. ದಿಂಬುಗಳಿಗೆ ಅವಳು ತುಂಬಿದ ಉಣ್ಣೆಯೂ ಸಮ, ತೂಕ ಹಾಕಿ ತುಂಬಿದ್ದಳು. ಆದರೆ ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಕೊನೆಯ ಹಿಡಿ ಉಣ್ಣೆ ಮಾತ್ರ ಮಾಮನದು. ಜೀನು ತಯಾರಾದ ಮೇಲೆ ಅದನ್ನು ಮೂಲೆಯಲ್ಲಿದ್ದ ತಲೆಯಿಲ್ಲದ ಮರದ ಕುದುರೆಯ ಮೇಲೆ ಇಡಬೇಕು, ಮಾಮ ಅದರ ಮೇಲೆ ಕಣ್ಣು ಮುಚ್ಚಿ ಕೂರಬೇಕು. ಆಚೆ ಈಚೆ ಒಂದು ಸಲ ತೂಗಿ, "ಇಲ್ಲಿ ಕುಳಿ ಇದೆ" ಅಂತ ಹೇಳಬೇಕು. ಆಮೇಲೆ ದಿಂಬಿನಲ್ಲಿ ಬಿಟ್ಟಿದ್ದ ಸಣ್ಣ ಸೀಳಿನೊಳಗೆ ಅವರೇ ಒಂದು ಹಿಡಿ ಉಣ್ಣೆ ತೂರಿಸಿ ಹೊಲಿದು ಮುಚ್ಚಬೇಕು. ಅವಳ ಜೀನಿಗೆ ಮೊದಲು ತುಂಬಿದಾಗಲೂ, ವಾಪಸ್ ಬಂದ ಮೇಲೆ ಬಿಚ್ಚಿ ಹೊಸದಾಗಿ ತುಂಬಿದಾಗಲೂ ಬಲಗಡೆಯೇ ಕುಳಿ ಅಂದಿದ್ದರು.

"ಮಾಮ, ಅಳತೆ ಪ್ರಕಾರ ಈಗ ಬಲಗಡೆ ಅರ್ಧ ಬೆರಳು ಎತ್ತರ ಇದೆ. ಯಾಕೆ?"

"ನಿನ್ನ ಟೇಪು ಸುಳ್ಳು ಹೇಳುತ್ತೆ ಕಣೇ. ಚರ್ಮ ಹಿಗ್ಗುತ್ತೆ, ಉಣ್ಣೆ ಕೂರುತ್ತೆ, ಮರ ಸೊಟ್ಟ ಆಗುತ್ತೆ. ಕೂತವನಿಗೆ ಗೊತ್ತಾಗೋದು ಟೇಪಿಗೆ ಏನು ಗೊತ್ತಾಗುತ್ತೆ?"

ಊರಿಗೆ ಊರೇ ಅವರ ಜೀನಿನ ಮೇಲೆ ಕೂತು ಓಡಾಡುತ್ತಿದೆ, ಒಬ್ಬರೂ ಒಂದು ದಿನ ಚಕಾರ ಎತ್ತಿಲ್ಲ. ಹಾಗಾದರೆ ತಪ್ಪು ಇರಬೇಕಾದದ್ದು ಎರಡೇ ಕಡೆ. ಒಂದೋ ತನ್ನ ಕೈಯಲ್ಲಿ, ಇಲ್ಲವೇ ಮೇಡಂ ಕೂರುವ ರೀತಿಯಲ್ಲಿ. ಬುಧವಾರ ಮಧ್ಯಾಹ್ನ ಅವಳು ಜೀನನ್ನು ಕೈಗಾಡಿಯಲ್ಲಿ ಹಾಕಿಕೊಂಡು ಸವಾರಿ ಶಾಲೆಗೆ ಹೊರಟೇಬಿಟ್ಟಳು.

ಶಾಲೆಯೆಂದರೆ ಎತ್ತರದ ತಗಡಿನ ಚಾವಣಿ, ಕೆಳಗೆ ಮರಳು, ಒಂದು ಗೋಡೆಯ ಉದ್ದಕ್ಕೂ ದೊಡ್ಡ ದೊಡ್ಡ ಕನ್ನಡಿಗಳು. ಮೇಡಂ ಒಂದು ಕಂದು ಕುದುರೆಯ ಗೊರಸು ಕೆರೆಯುತ್ತಿದ್ದರು.

"ಮೇಡಂ, ತಪ್ಪು ತಿಳ್ಕೋಬೇಡಿ. ನೀವೇ ಓರೆ ಕೂರ್ತೀರೇನೋ ಅಂತ ನೋಡೋಕೆ ಬಂದೆ."

ಮೇಡಂಗೆ ನಗು ಬಂತು. "ಇಪ್ಪತ್ತು ವರ್ಷದಲ್ಲಿ ಈ ಮಾತು ನಂಗೆ ಯಾರೂ ಹೇಳಿರ್ಲಿಲ್ಲ. ಒಂದು ಕೆಲಸ ಮಾಡಿ. ನೀವೇ ಹತ್ತಿ ನೋಡಿ."

"ನಾನಾ?"

"ಯಾಕೆ, ನೀವು ಹೊಲಿದ ಜೀನು ತಾನೇ?"

"ನಾನು ಕುದುರೆ ಹತ್ತಿಲ್ಲ ಮೇಡಂ."

"ಒಂದು ಸಲಾನೂ?"

"ನಮ್ಮ ಅಂಗಡೀಲಿ ಯಾರೂ ಹತ್ತಲ್ಲ. ಮಾಮಾನೂ ಹತ್ತಲ್ಲ. ನಮಗೆ ಮರದ ಕುದುರೆ ಇದೆ."

ಮೇಡಂ ಕೈಯಲ್ಲಿದ್ದ ಗೊರಸು ಬಿಟ್ಟು ಅವಳನ್ನೇ ನೋಡಿದರು. ಆಮೇಲೆ ಜೀನನ್ನು ಆ ಕಂದು ಕುದುರೆಯ ಮೇಲೆ ಹಾಕಿ, ಹೊಟ್ಟೆಪಟ್ಟಿ ಬಿಗಿದರು. ಕುದುರೆಯನ್ನು ಅಲ್ಲಿ "ಗೋಡೆ" ಅಂತ ಕರೆಯುತ್ತಿದ್ದರು. ಪಕ್ಕದಲ್ಲಿ ಪಟಾಕಿ ಸಿಡಿದರೂ ಅಲ್ಲಾಡುವ ಜೀವವಲ್ಲ ಅದು.

ಮೇಲೆ ಹತ್ತಿದ್ದು ಹೇಗೆ ಅಂತ ಯಾಕಮ್ಮನಿಗೆ ಆಮೇಲೆ ನೆನಪೇ ಇರಲಿಲ್ಲ. ಒಂದು ಕ್ಷಣ ನೆಲದ ಮೇಲಿದ್ದಳು, ಮರುಕ್ಷಣ ಜಗತ್ತು ಮಾರುದ್ದ ಕೆಳಗಿತ್ತು! ಎರಡೂ ಮಂಡಿಯಿಂದ ಕುದುರೆಯನ್ನು ಹಿಂಡಿ ಹಿಡಿದಳು.

"ಹಿಂಡಬೇಡಿ. ಒದ್ದೆ ಸೋಪು ಹಿಂಡಿದ್ರೆ ಏನಾಗುತ್ತೆ? ಚಿಮ್ಮುತ್ತೆ. ನೀವೂ ಹಾಗೇ ಚಿಮ್ತೀರ. ಕಾಲು ತೂಗುಬಿಡಿ. ಉಸಿರಾಡ್ರೀ, ಉಸಿರಾಡೋಕೆ ದುಡ್ಡು ಕೊಡ್ಬೇಕಾ?"

ಅವಳು ಉಸಿರು ಬಿಟ್ಟಳು. ಗೋಡೆಯೂ ಮೂಗಿನಿಂದ ಬುಸ್ಸೆಂದು ಉಸಿರು ಬಿಟ್ಟಿತು. ಅರೆ, ಇದಕ್ಕೂ ನನ್ನ ಉಸಿರು ಗೊತ್ತಾಗುತ್ತಾ?

"ಕೆಳಗೆ ನೋಡ್ಬೇಡಿ, ಅದರ ಕಿವಿಗಳ ಮಧ್ಯೆ ಮುಂದೆ ನೋಡಿ. ಈಗ ಕೂರೋ ಜಾಗದಲ್ಲಿ ಎರಡು ಮೂಳೆ ಇರುತ್ತಲ್ಲ, ಅವೆರಡರ ಮೇಲೂ ಒಂದೇ ಭಾರ ಇದ್ಯಾ ಅಂತ ಗಮನ ಇಡಿ. ಕಿವಿ, ಭುಜ, ಸೊಂಟ, ಹಿಮ್ಮಡಿ, ನಾಲ್ಕೂ ಒಂದೇ ದಾರದಲ್ಲಿ ಕಟ್ಟಿದ ಹಾಗೆ. ಕಣ್ಣು ಮುಚ್ಚಿ. ಸರಿ ಕೂತಿದೀನಿ ಅನ್ನಿಸಿದಾಗ ಹೇಳಿ."

ಮೇಡಂ ಲಗಾಮು ಹಿಡಿದು ನಿಧಾನ ನಡೆಸಿದರು. ಯಾಕಮ್ಮ ಕಣ್ಣು ಮುಚ್ಚಿಕೊಂಡೇ ಇದ್ದಳು. ಕೆಳಗೆ ಗೋಡೆಯ ಬೆನ್ನು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಏಳುತ್ತಿತ್ತು, ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳ ಸೊಂಟ ತಾನೇ ಅದರ ಜೊತೆ ಹೋಗತೊಡಗಿತು. ಆಹಾ! ಎಷ್ಟು ಹಾಯಾಗಿದೆ! ಎಲ್ಲಿದೆ ಓರೆ? ತೊಟ್ಟಿಲಲ್ಲಿ ಮಲಗಿದ ಹಾಗಿದೆ!

"ಸರಿ ಇದೆ ಮೇಡಂ! ಒಂಚೂರೂ ಓರೆ ಇಲ್ಲ!"

"ಕಣ್ಣು ಬಿಡಿ. ಕನ್ನಡಿ ನೋಡಿ."

ಗೋಡೆ ಕನ್ನಡಿಗೆ ಎದೆಕೊಟ್ಟು ನಿಂತಿತ್ತು. ಅದರ ಮೇಲೆ ಒಬ್ಬಳು ಹುಡುಗಿ ಕೂತಿದ್ದಳು, ಗಾಳಿಗೆ ವಾಲಿದ ಕಂಬದ ಹಾಗೆ ಎಡಕ್ಕೆ ವಾಲಿಕೊಂಡು. ಎಡ ಭುಜ ಕೆಳಗೆ, ಬಲ ಸೊಂಟ ಮೇಲೆ. ಅವಳ ಮುಖದಲ್ಲಿ ಮಾತ್ರ ಪರಮ ಸುಖ.

"ಇದು ನಾನಾ?"

"ಮತ್ಯಾರು? ಇಳೀರಿ, ಇನ್ನೊಂದು ನೋಡೋಣ." ಮೇಡಂ ತಮ್ಮ ಹಳೆಯ ಜೀನು ಹಾಕಿ ಮತ್ತೆ ಹತ್ತಿಸಿದರು. ಈ ಸಲ ಯಾಕಮ್ಮ ಕೂತ ಕೂಡಲೇ ಕುದುರೆಯ ಕೊರಳ ಕೂದಲು ಹಿಡಿದು ಕೂಗಿಕೊಂಡಳು. "ಬಲಕ್ಕೆ ಬೀಳ್ತಿದೀನಿ! ಬಲಕ್ಕೆ!"

"ಕನ್ನಡಿ."

ಕನ್ನಡಿಯಲ್ಲಿ ಅವಳು ನೆಟ್ಟಗೆ, ಗೂಟ ಹೊಡೆದ ಹಾಗೆ ಕೂತಿದ್ದಳು.

"ನಿಮ್ಮ ಜೀನಿನ ಮೇಲೆ ನೀವು ಕೂತ್ರೆ ಎರಡೂ ಜೊತೆಯಾಗುತ್ತೆ," ಅಂದರು ಮೇಡಂ. "ಅದೂ ಓರೆ, ನೀವೂ ಓರೆ. ಅದಕ್ಕೇ ಅಷ್ಟು ಹಾಯಾಗಿತ್ತು. ಯಾಕೆ ಹೀಗೆ ಅಂತ ನನ್ನ ಕೇಳ್ಬೇಡಿ, ನಂಗೂ ಗೊತ್ತಿಲ್ಲ."

ಗೊತ್ತಿಲ್ಲ ಅಂದರೆ ಸಾಕಲ್ಲ ಯಾಕಮ್ಮನಿಗೆ! ಇಳಿಯುವಾಗಲೇ ಅವಳ ತಲೆ ಓಡತೊಡಗಿತ್ತು. ಹೊರಗೆ ನೀರಿನ ತೊಟ್ಟಿಯ ಹತ್ತಿರ ಕಾಡು ಕಾಯುವ ಗಾರ್ಡು ತನ್ನ ಕುದುರೆಗೆ ನೀರು ಕುಡಿಸುತ್ತಿದ್ದ. ಕುದುರೆಯ ಮೇಲೆ ಮಾಮನ ಜೀನು. ಅವಳ ಕಣ್ಣು ಅಭ್ಯಾಸಬಲದಿಂದ ಹೊಲಿಗೆಯ ಮೇಲೆ ಓಡಿ, ಕಾಲಿಡುವ ರಿಕಾಪಿನ ಪಟ್ಟಿಗೆ ಬಂದು ನಿಂತಿತು. ಎಡಗಡೆಯ ಪಟ್ಟಿಯನ್ನು ಬಲಗಡೆಗಿಂತ ಒಂದು ತೂತು ಮೇಲೆ ಬಿಗಿದಿದ್ದ.

"ಅಣ್ಣ, ಇದು ಯಾಕೆ ಒಂದು ತೂತು ಗಿಡ್ಡ?"

ಗಾರ್ಡು ಆಚೆ ಈಚೆ ನೋಡಿ ದನಿ ಇಳಿಸಿದ. "ನನ್ನ ಎಡಗಾಲು ಸ್ವಲ್ಪ ಗಿಡ್ಡ ಕಣಮ್ಮ. ಹುಟ್ಟಿದಾಗಿನಿಂದ. ಹೆಂಡ್ತಿಗೂ ಹೇಳಿಲ್ಲ, ನೀನು ಯಾರ ಹತ್ರಾನೂ ಬಾಯಿ ಬಿಡಬೇಡ."

"ಕುದುರೆ ಹತ್ತೋಕೆ ಮುಂಚೇನೇ ಗೊತ್ತಿತ್ತಾ?"

"ಇಲ್ಲ, ಹತ್ತಿದ ಮೇಲೆ ಗೊತ್ತಾಯ್ತು. ಹನ್ನೆರಡು ವರ್ಷ ಆಯ್ತು."

ಅವಳ ಜೇಬಿನಲ್ಲಿ ಟೇಪು ಇದ್ದೇ ಇತ್ತು. ಗಾರ್ಡನ್ನು ತೊಟ್ಟಿಯ ಕಟ್ಟೆಗೆ ಒರಗಿಸಿ ನಿಲ್ಲಿಸಿ, ಸೊಂಟದಿಂದ ಹಿಮ್ಮಡಿಯವರೆಗೆ ಎರಡೂ ಕಾಲು ಅಳೆದಳು. ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಗಾರ್ಡಿಗೆ ಖುಷಿಯಾಗಬೇಕೋ ಬೇಡವೋ ತಿಳಿಯಲಿಲ್ಲ. ಹನ್ನೆರಡು ವರ್ಷ ಗುಟ್ಟಾಗಿ ಸಾಕಿದ ಗಿಡ್ಡ ಕಾಲು ಅದು!

ಅಷ್ಟರಲ್ಲಿ ಕುದುರೆ ಡಾಕ್ಟರು ಬಂದರು. ಅವರದ್ದೂ ಮಾಮನ ಜೀನು, ಎಡಗಡೆ ಒಂದು ತೂತು ಗಿಡ್ಡ. ಕೇಳಿದ್ದಕ್ಕೆ ಡಾಕ್ಟರು ಗಂಟಲು ಸರಿ ಮಾಡಿಕೊಂಡು, "ಚಿಕ್ಕವನಿದ್ದಾಗ ಮರದಿಂದ ಬಿದ್ದಿದ್ದೆ, ಅದರ ಪರಿಣಾಮ" ಅಂದರು. ಅವರ ಕಾಲೂ ಸಮ. ಹಾಲು ಹಾಕುವವನ ಕುದುರೆ ಬೀದಿಯಲ್ಲೇ ಸಿಕ್ಕಿತು. ಅಲ್ಲೂ ಒಂದು ತೂತು. ಅವನು ಅದನ್ನು ತಮ್ಮ ಮನೆತನದ ಗುಣ ಅಂದ.

ಊರಿನವರೆಲ್ಲ ಎಡಕ್ಕೆ ಜಾರುತ್ತಿದ್ದಾರೆ, ಎಡ ರಿಕಾಪು ಗಿಡ್ಡ ಮಾಡಿ ಎಡಗಾಲು ಊರಿಕೊಂಡು ನೆಟ್ಟಗಾಗುತ್ತಿದ್ದಾರೆ, ತಪ್ಪು ತಮ್ಮ ಮೈಯದ್ದೇ ಅಂದುಕೊಂಡು ಬಾಯಿ ಮುಚ್ಚಿಕೊಂಡಿದ್ದಾರೆ. ಮೇಡಂ ಒಬ್ಬರೇ ಬೇರೆ ಕಡೆಯಿಂದ ಬಂದವರು. ತಮ್ಮ ಎರಡೂ ಕಾಲು ಸಮ ಅನ್ನುವುದು ಅವರಿಗೆ ಖಚಿತವಾಗಿ ಗೊತ್ತಿತ್ತು.

ಆದರೆ ಮಾಮ ಯಾಕೆ ಓರೆ? ಮಾಮನ ಜೊತೆ ತಾನ್ಯಾಕೆ ಓರೆ?

ಅಂಗಡಿಗೆ ಬಂದು, ಅರ್ಧ ಉಳಿದಿದ್ದ ಲಗಾಮು ಮುಗಿಸೋಣ ಅಂತ ತನ್ನ ಸ್ಟೂಲಿನ ಮೇಲೆ ಕೂತಳು. ಚರ್ಮ ಕಚ್ಚಿ ಹಿಡಿಯುವ ಉದ್ದನೆಯ ಮರದ ಇಕ್ಕಳ ತೆಗೆದುಕೊಂಡಳು. ಯಾವಾಗಲೂ ಮಾಡುವ ಹಾಗೆ ಅದನ್ನು ಬಲತೊಡೆಯ ಕೆಳಗೆ ತೂರಿಸಿ, ಎಡತೊಡೆಯ ಮೇಲೆ ಒರಗಿಸಿ, ಎರಡೂ ಕೈ ಖಾಲಿ ಮಾಡಿಕೊಂಡು ಸೂಜಿ ಎತ್ತಿದಳು.

ಸೂಜಿ ಅಲ್ಲೇ ನಿಂತಿತು.

ಬಲತೊಡೆ ಇಕ್ಕಳದ ಮೇಲೆ ಎತ್ತರದಲ್ಲಿತ್ತು. ಭಾರವೆಲ್ಲ ಎಡಗಡೆ ಮೂಳೆಯ ಮೇಲಿತ್ತು. ತಲೆಯೆತ್ತಿ ನೋಡಿದರೆ ಎದುರಿಗೆ ಮಾಮ, ಅದೇ ಥರದ ಇಕ್ಕಳ, ಅದೇ ತೊಡೆ, ಅದೇ ಓರೆ. ದಿನಕ್ಕೆ ಎಂಟು ತಾಸು. ಅವಳದು ಐದು ವರ್ಷ, ಅವರದು ಮೂವತ್ತು. ಹೀಗೆ ಕೂತು ಕೂತು ಮೈಗೆ ಇದೇ ನೆಟ್ಟಗೆ ಅನ್ನಿಸಿಬಿಟ್ಟಿದೆ! ಸಮ ಇರುವ ಜೀನಿನ ಮೇಲೆ ಕೂತರೆ ಬಲಗಡೆ ಕುಳಿ ಬಿದ್ದ ಹಾಗೆ ಕಾಣದೆ ಇನ್ನೇನು?

ಗುರುವಾರ ಬೆಳಿಗ್ಗೆ ಅವಳು ಜೀನಿನ ದಿಂಬಿನಿಂದ ಮಾಮ ಹಾಕಿದ್ದ ಹಿಡಿ ಉಣ್ಣೆ ಹೊರತೆಗೆದಳು. ಎದುರಿಗೆ ಮನೆ ಕಟ್ಟುತ್ತಿದ್ದ ಗಾರೆಯವರ ಹತ್ತಿರ ರಸಮಟ್ಟ ಕೇಳಿ ತಂದಳು. ಅದೇ, ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡುವ ಪಟ್ಟಿ. ಮರದ ಕುದುರೆ ಸಮ ಇದೆಯಾ ನೋಡಿದಳು. ಇತ್ತು. ಜೀನು ಹಾಕಿ ನೋಡಿದಳು. ಗುಳ್ಳೆ ನಟ್ಟನಡುವೆ.

"ಮಾಮ, ಒಂದು ಸಲ ಕೂತು ನೋಡ್ತೀರಾ?"

ಮಾಮ ಕೂತರು, ಕಣ್ಣು ಮುಚ್ಚಿದರು, ತೂಗಿದರು. "ಅದೇ ಬಲಗಡೆ ಕುಳಿ. ಎಷ್ಟು ಸಲ ಹೇಳ್ಲಿ ನಿಂಗೆ? ಕೊಡು ಉಣ್ಣೆ."

ಅವಳು ಕೊಟ್ಟಳು. ಅವರು ಇಳಿದು, ತೂರಿಸಿ, ಮತ್ತೆ ಹತ್ತಿ ಕೂತು ಕಣ್ಣು ಮುಚ್ಚಿದರು. "ಹಾಂ. ಈಗ ನೋಡು, ನೀರು ನಿಂತ ಹಾಗಿದೆ."

"ಕಣ್ಣು ಬಿಟ್ಟು ಇದನ್ನ ನೋಡಿ ಮಾಮ."

ಅವರ ಮುಂದೆಯೇ, ಜೀನಿನ ಮೇಲೆ ಅಡ್ಡಲಾಗಿ, ರಸಮಟ್ಟ ಇಟ್ಟಿದ್ದಳು. ಗುಳ್ಳೆ ಬಲತುದಿಗೆ ಓಡಿಹೋಗಿ ಅಂಟಿಕೊಂಡಿತ್ತು.

"ಗಾರೆಯವರ ಗುಳ್ಳೆ ನಂಗೆ ಪಾಠ ಹೇಳುತ್ತಾ?"

ಯಾಕಮ್ಮ ಕನ್ನಡಿಯ ವಿಷಯ, ಇಕ್ಕಳದ ವಿಷಯ, ಗಾರ್ಡು, ಡಾಕ್ಟರು, ಹಾಲಿನವನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಮಾಮನ ಮುಖ ಕೆಂಪಗಾಯಿತು.

"ಅಂದ್ರೆ ಮೂವತ್ತು ವರ್ಷದಿಂದ ಊರಿನವರ ಕಾಲೆಲ್ಲ ನಾನು ಗಿಡ್ಡ ಮಾಡಿದೀನಿ ಅಂತೀಯಾ?"

ಅಷ್ಟರಲ್ಲಿ ಹಿಂದಿನ ಮನೆಯಿಂದ ಕಾಫಿ ಹಿಡಿದು ಬಂದ ಅತ್ತೆ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ನಂಗೆ ಈ ಗುಳ್ಳೆ ಗಿಳ್ಳೆ ಗೊತ್ತಿಲ್ಲಪ್ಪ. ಆದ್ರೆ ನಿಮ್ಮ ಪ್ಯಾಂಟು ಒಗೆಯೋಳು ನಾನು. ಯಾವಾಗ ನೋಡಿದ್ರೂ ಎಡಗಡೆ ಕುಂಡೀನೇ ಸವೆದಿರುತ್ತೆ ಕಣ್ರೀ. ಮದುವೆ ಆದಾಗಿನಿಂದ ಎಡಗಡೆಗೇ ತೇಪೆ ಹಾಕಿದೀನಿ, ಬಲಗಡೆಗೆ ಒಂದು ದಿನ ಹಾಕಿದ್ದು ನೆನಪಿಲ್ಲ."

"ನೀನ್ಯಾವತ್ತೂ ಹೇಳ್ಲೇ ಇಲ್ಲ!"

"ಎಲ್ಲ ಗಂಡಸರದ್ದೂ ಹಾಗೇ ಏನೋ ಅಂದ್ಕೊಂಡೆ. ಇನ್ನೊಬ್ಬರದ್ದು ನೋಡೋಕೆ ಹೋಗ್ಲಾ?"

ಯಾಕಮ್ಮನಿಗೆ ನಗು ಉಕ್ಕಿ ಬಂತು, ಮಾಮನ ಮುಖ ನೋಡಿ ನುಂಗಿಕೊಂಡಳು. ಮಾಮ ಮರದ ಕುದುರೆಯಿಂದ ಇಳಿದರು. ಕಾಫಿ ಮುಟ್ಟಲಿಲ್ಲ. "ಆ ಜೀನು ಮುಟ್ಟಬೇಡ. ನಾನು ಹೇಳೋವರೆಗೂ ಮುಟ್ಟಬೇಡ" ಅಂದವರೇ ಒಳಗೆ ಹೋಗಿಬಿಟ್ಟರು. ಯಾಕಮ್ಮನಿಗೆ ಮೊದಲ ಸಲ, ಯಾಕಾದರೂ ಯಾಕೆ ಅಂತ ಕೇಳಿದೆನೋ ಅನ್ನಿಸಿತು. ಸರಿ ಮಾಡಲು ಹೋಗಿ ತನ್ನ ಜೀನಿನ ಕೆಲಸವನ್ನೇ ಕಳೆದುಕೊಂಡೆ ಅಂದುಕೊಂಡಳು.

ಶುಕ್ರವಾರ ಅಂಗಡಿ ತೆಗೆಯುವ ಹೊತ್ತಿಗೆ ಮಾಮ ಇರಲಿಲ್ಲ. ಅತ್ತೆಗೂ ಹೇಳಿ ಹೋಗಿರಲಿಲ್ಲ. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಕೊನೆಗೆ ಎದುರಿನ ಗಾರೆಯವರು ಕಟ್ಟಡದ ಸಾರುವೆಯ ಮೇಲಿನಿಂದಲೇ ಕೂಗಿ ಹೇಳಿದರು, "ನಿಮ್ಮ ಮಾಮ ಬೆಳಿಗ್ಗೇನೇ ಸವಾರಿ ಶಾಲೆ ಕಡೆ ಹೋದ್ರಲ್ಲಮ್ಮ!"

ಯಾಕಮ್ಮ ಓಡಿದಳು.

ತಗಡಿನ ಚಾವಣಿಯ ಕೆಳಗೆ, ಮೇಡಂನ ಹಳೆಯ ಜೀನು ಹೊತ್ತ ಗೋಡೆಯ ಮೇಲೆ, ಐವತ್ತೆಂಟು ವರ್ಷದ ಮಾಮ ಕೂತಿದ್ದರು. ಎರಡೂ ಕೈಯಲ್ಲಿ ಕುದುರೆಯ ಕೊರಳ ಕೂದಲು ಮುಷ್ಟಿಗಟ್ಟಿ ಹಿಡಿದಿದ್ದರು. ಕನ್ನಡಕ ಮೂಗಿನ ತುದಿಗೆ ಇಳಿದಿತ್ತು.

"ಕೂದಲು ಬಿಡಿ ಮೇಸ್ತ್ರಿ, ಪಾಪ, ಅದಕ್ಕೂ ನೋವಾಗುತ್ತೆ," ಅನ್ನುತ್ತಿದ್ದರು ಮೇಡಂ. ಪಕ್ಕದಲ್ಲಿ ನಿಂತು ಮಾಮನ ಬಲ ಸೊಂಟದ ಮೇಲೆ ಅಂಗೈ ಇಟ್ಟು ಮೆಲ್ಲಗೆ ಕೆಳಕ್ಕೆ ಒತ್ತಿದರು.

"ಬಿದ್ದೆ! ಬಿದ್ದೆ!"

"ಬಿದ್ದಿಲ್ಲ. ನೆಟ್ಟಗಾದ್ರಿ."

"ಇದು ನೆಟ್ಟಗಾ? ಬಲಕ್ಕೆ ಉರುಳ್ತಿದೀನಲ್ರೀ!"

"ಕನ್ನಡಿ ನೋಡಿ."

ಮಾಮ ನೋಡಿದರು. ಕನ್ನಡಕ ಮೇಲೇರಿಸಿ ಮತ್ತೆ ನೋಡಿದರು. ಚರ್ಮ ಕೊಳ್ಳುವಾಗ ತೂತು, ಗೀರು, ಕಲೆ ಹುಡುಕುವ ಹಾಗೆ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ತಮ್ಮನ್ನೇ ನೋಡಿಕೊಂಡರು. ಆಮೇಲೆ ಬೇಕೆಂದೇ ಎಡಕ್ಕೆ ವಾಲಿ, ಹಾಯಾಗಿ ಕೂತು, ನೋಡಿದರು. ಮತ್ತೆ ಬಲ ಸೊಂಟ ಇಳಿಸಿ, ಹಲ್ಲು ಕಚ್ಚಿಕೊಂಡು ನೋಡಿದರು. ಆರೇಳು ಸಲ ಹೀಗೆ ಮಾಡಿದರು. ಗೋಡೆಗೆ ಬೇಜಾರಾಗಿ ಬಾಲ ಬೀಸಿತು.

"ಮೇಡಂ, ಇದು ಹೋಗುತ್ತಾ?"

"ಹೋಗುತ್ತೆ. ನಿಧಾನ. ವಾರಕ್ಕೆರಡು ದಿನ ಬನ್ನಿ. ಆ ಇಕ್ಕಳಾನೂ ಒಂದು ದಿನ ಈ ಕಡೆ, ಒಂದು ದಿನ ಆ ಕಡೆ ಇಟ್ಕೊಳ್ಳಿ."

ಆಗ ಮಾಮನ ಕಣ್ಣಿಗೆ ಬಾಗಿಲಲ್ಲಿ ನಿಂತಿದ್ದ ಯಾಕಮ್ಮ ಬಿದ್ದಳು. ಬೈಯುತ್ತಾರೆ ಅಂತ ಅವಳು ಅರ್ಧ ಹೆಜ್ಜೆ ಹಿಂದೆ ಸರಿದಳು.

"ನೀನು ಇಲ್ಲೇನ್ ಮಾಡ್ತಿದೀಯಾ? ನಾಳೆ ಶನಿವಾರ ಅಲ್ವಾ?"

"ನೀವೇ ಮುಟ್ಟಬೇಡ ಅಂದಿದ್ರಿ ಮಾಮ."

"ಈಗ ಮುಟ್ಟು. ನಾನು ಹಾಕಿದ ಹಿಡಿ ತೆಗಿ. ಹೊಲಿದು ಮುಚ್ಚಿಬಿಡು."

"ನೀವು ಬಂದು ಕೂತು ನೋಡಲ್ವಾ?"

"ನನ್ನ ಮೈ ಮೇಲೆ ನಂಗೇ ನಂಬಿಕೆ ಇಲ್ಲ ಈಗ, ನಾನೇನು ನೋಡ್ಲಿ? ನೀನೂ ಕೂರ್ಬೇಡ, ನೀನೂ ನನ್ನ ಥರಾನೇ ಸೊಟ್ಟ. ನಿನ್ನ ಟೇಪು ಏನು ಹೇಳುತ್ತೋ ಹಾಗೆ ಮಾಡು." ಅಷ್ಟು ಹೇಳಿ ಮೇಡಂ ಕಡೆ ತಿರುಗಿದರು. "ಇದು ಓಡುತ್ತಾ? ಸ್ವಲ್ಪ ಓಡಿಸಿ ನೋಡೋಣ್ವಾ? ಓಡುವಾಗ ಯಾವ ಕಡೆ ಜಾರ್ತೀನಿ ಅಂತ ನೋಡ್ಬೇಕಿತ್ತು."

ಯಾಕಮ್ಮನಿಗೂ ಅದನ್ನು ನೋಡಬೇಕಿತ್ತು. ಒಂದು ಸುತ್ತು ಮಾತ್ರ ನಿಂತು ನೋಡಿ, ಅಂಗಡಿಗೆ ಹೋದಳು. ಆ ಹಿಡಿ ಉಣ್ಣೆ ತೆಗೆದಳು, ಅಳೆದಳು, ಮತ್ತೆ ಅಳೆದಳು. ಆ ಸೀಳನ್ನು ಅವಳು ಯಾವತ್ತೂ ಹೊಲಿದಿರಲಿಲ್ಲ, ಅದು ಮಾಮನ ಜಾಗ. ಹನ್ನೊಂದು ಹೊಲಿಗೆ ಹಿಡಿಯಿತು.

ಶನಿವಾರ ಮೇಡಂ ಕುದುರೆ ಏರಿಯೇ ಅಂಗಡಿಗೆ ಬಂದರು. ಬಾಗಿಲ ಮುಂದೆಯೇ ಜೀನು ಬದಲಾಯಿಸಿ ಹತ್ತಿ ಕೂತರು. ಬೀದಿಯ ಆ ತುದಿಯವರೆಗೆ ನಡೆಸಿದರು, ಈ ತುದಿಯವರೆಗೆ ಓಡಿಸಿದರು. ಯಾಕಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ಮಾಮ ಅವಳ ಪಕ್ಕದಲ್ಲಿ, ನೆಟ್ಟಗೆ ನಿಲ್ಲಲು ಕಷ್ಟಪಡುತ್ತಾ ನಿಂತಿದ್ದರು.

ಮೇಡಂ ಎರಡು ರಿಕಾಪಿನಿಂದಲೂ ಕಾಲು ತೆಗೆದು ತೂಗುಬಿಟ್ಟರು. ಲಗಾಮನ್ನು ಕುದುರೆಯ ಕೊರಳ ಮೇಲೆ ಹಾಕಿ ಎರಡೂ ಕೈ ಪಕ್ಕಕ್ಕೆ ಚಾಚಿದರು. ಹಾಗೇ, ಯಾವುದನ್ನೂ ಹಿಡಿಯದೆ, ಯಾವ ಕಡೆಗೂ ವಾಲದೆ, ಅಂಗಡಿಯ ಮುಂದಿನಿಂದಲೇ ಹಾದುಹೋದರು. ಬೀದಿಯ ಕೊನೆಗೆ ಹೋಗಿ ತಿರುಗುತ್ತಾರೆ ಅಂದುಕೊಂಡರೆ ತಿರುಗಲಿಲ್ಲ. ಬೆಟ್ಟದ ದಾರಿ ಹಿಡಿದು ಹೊರಟೇಹೋದರು.

"ಎಲ್ಲಿಗೆ ಹೋದ್ರೇ?" ಅಂದರು ಮಾಮ. "ಇಳಿದು ಹೇಗಿದೆ ಅಂತ ಹೇಳೋದು ಬೇಡ್ವಾ?"

"ಇಳಿಯೋ ಹಾಗೆ ಕಾಣ್ತಿಲ್ಲ ಮಾಮ," ಅಂದಳು ಯಾಕಮ್ಮ.